ಅಜ್ಜ ಒಳಗೆ ಹೋದ ಮೇಲೆ

ಅವನಿಗೆ ತಂದೆ ತಾಯಿ ಇಟ್ಟ ಹೆಸರೊಂದು ಇತ್ತು. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅದು ಇಂದಿಗೂ ಇದೆ. ಆದರೆ ಯಾವ ಕೆಲಸ ಹೇಳಿದರೂ ನಗುನಗುತ್ತಾ ‘ಆಮೇಲೆ ಮಾಡ್ತೀನಿ’ ಎನ್ನುವ ಅಭ್ಯಾಸದಿಂದಾಗಿ ಆ ಹೆಸರು ಮೆಲ್ಲಗೆ ಹಿಂದಕ್ಕೆ ಸರಿದು, ಆಮೇಲಪ್ಪ ಎಂಬ ಹೆಸರು ಮುಂದೆ ಬಂದು ಕೂತಿತ್ತು. ಇದರಿಂದ ಅವನಿಗೆ ಬೇಸರವಾದಂತೆ ಕಾಣಲಿಲ್ಲ. ಬೇಸರಪಡುವುದನ್ನೂ ಆಮೇಲಕ್ಕೆ ಇಟ್ಟುಕೊಂಡಿದ್ದನೋ ಏನೋ.

ಹಾಗಂತ ಅವನನ್ನು ಸೋಮಾರಿ ಎನ್ನುವಂತಿರಲಿಲ್ಲ. ಸೋಮಾರಿಗೆ ಕೆಲಸದ ಮೇಲೆ ಮನಸ್ಸಿರುವುದಿಲ್ಲ. ಇವನಿಗೆ ಬೇಕಾದಷ್ಟು ಮನಸ್ಸಿತ್ತು. ಅದು ಕಿಟಕಿಯಾಚೆ ಹೋಗುವ ಮೋಡದ ಜೊತೆಗೋ, ಎದುರು ಮನೆಯವರು ಒಣಗಲು ಹಾಕಿದ ಬೆಡ್‌ಶೀಟಿನ ಜೊತೆಗೋ ತೇಲಿಕೊಂಡು ಹೋಗಿ ಬಹಳ ಹೊತ್ತಿನ ಮೇಲೆ ವಾಪಸು ಬರುತ್ತಿತ್ತು, ಅಷ್ಟೇ. ಅಷ್ಟರಲ್ಲಿ ಗಡುವು ಮುಗಿದಿರುತ್ತಿತ್ತು. ಹೀಗೆ ಮುಗಿದ ಗಡುವುಗಳೆಲ್ಲ ಒಟ್ಟು ಸೇರಿದ್ದರಿಂದ, ವಿಡಿಯೋ ಗೇಮ್ ತಯಾರಿಸುವುದನ್ನು ಕಲಿಸುವ ಕೋರ್ಸಿನ ಕೊನೆಯ ವರ್ಷವನ್ನು ಅವನು ಈಗ ಎರಡನೇ ಸಲ ಓದುತ್ತಿದ್ದ. ಮೂರನೇ ಸಲಕ್ಕೆ ಕಾಲೇಜಿನ ನಿಯಮದಲ್ಲಿ ಜಾಗವಿರಲಿಲ್ಲ.

ಕೊನೆಯ ವರ್ಷದಲ್ಲಿ ನಾಲ್ಕು ನಾಲ್ಕು ಜನ ಸೇರಿ ಒಂದೊಂದು ಆಟ ಕಟ್ಟಬೇಕು. ಆಮೇಲಪ್ಪನ ತಂಡದ ನಾಯಕಿ, ಗೋಡೆಯ ತುಂಬ ತಾರೀಖು ಬರೆದ ಹಳದಿ ಚೀಟಿ ಅಂಟಿಸುವ ಹುಡುಗಿ. ಬೆನ್ನ ಹಿಂದೆ ಎಲ್ಲರೂ ಅವಳನ್ನು ಗಡುವಮ್ಮ ಎನ್ನುತ್ತಿದ್ದರು. ಕೋಡ್ ಬರೆಯುವವನು ಮೌನಿ. ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡಿದರೆ ಅವತ್ತು ಅವನಿಗೆ ಜ್ವರ ಎಂದು ಲೆಕ್ಕ. ಇನ್ನೊಬ್ಬ ಚಿತ್ರ ಬರೆಯುವವನು. ಅವರ ಆಟದಲ್ಲಿ ಏಳು ಬುರುಜುಗಳು, ಬುರುಜಿಗೊಬ್ಬ ರಾಕ್ಷಸ. ಬೆನ್ನಿಗೆ ಕತ್ತಿ ಕಟ್ಟಿದ ವೀರ ಒಂದೊಂದೇ ಬುರುಜು ಹತ್ತಿ ಅವರನ್ನು ಹೊಡೆದು ಹಾಕಬೇಕು. ಚಿತ್ರದವನು ಎರಡು ತಿಂಗಳಿನಿಂದ ರಾಕ್ಷಸರ ಹಲ್ಲುಗಳನ್ನೇ ಬರೆಯುತ್ತಿದ್ದ. ಆಮೇಲಪ್ಪನಿಗೆ ಯಾವ ಕೆಲಸ ಕೊಟ್ಟರೆ ನಷ್ಟ ಕಡಿಮೆ ಎಂದು ಗಡುವಮ್ಮ ಒಂದು ವಾರ ಯೋಚಿಸಿ, ಕೊನೆಗೆ ವಾತಾವರಣ ಕೊಟ್ಟಳು. ಗಾಳಿ, ಮೋಡ, ನೀರಿನ ಸದ್ದು, ಬೆಳಕು. ಜೊತೆಗೆ ಆಟ ಶುರುವಾಗುವ ಅಂಗಳ.

ಅಂಗಳವನ್ನು ಅವನು ಮನಸ್ಸಿಟ್ಟು ಮಾಡಿದ. ಅಲ್ಲಿ ಯಾವಾಗಲೂ ಸಂಜೆ ಐದು ಗಂಟೆ. ಗೋಡೆಯಾಚೆ ಒಂದು ಹೊಳೆ, ಕಾಣುವುದಿಲ್ಲ, ಕೇಳುತ್ತದೆ. ಕಿಟಕಿಯ ಪರದೆ ಉಸಿರಾಡಿದ ಹಾಗೆ ಒಳಗೆ ಹೊರಗೆ ಆಡುತ್ತದೆ. ಮೋಡಗಳು ಎಷ್ಟು ನಿಧಾನ ಹೋಗುತ್ತವೆಂದರೆ, ನೋಡುತ್ತಿದ್ದರೆ ನಿಂತ ಹಾಗೆ, ಬೇರೆ ಕಡೆ ನೋಡಿ ತಿರುಗಿದರೆ ಜಾಗ ಬದಲಾಗಿರುತ್ತದೆ. ಮಧ್ಯದಲ್ಲಿ ಒಂದು ಕಲ್ಲುಬೆಂಚು. ಅಲ್ಲಿ ಒಬ್ಬ ಅಜ್ಜ. ವೀರ ಬಂದ ಕೂಡಲೇ ಅಜ್ಜ ಎದ್ದು, “ಬನ್ನಿ ಬನ್ನಿ. ಇಲ್ಲೇ ಕೂತಿರಿ. ಬೀಗದಕೈ ತಂದುಬಿಡ್ತೀನಿ, ಒಂದೇ ನಿಮಿಷ” ಎಂದು ಹೇಳಿ ಬಾಗಿಲು ತೆರೆದು ಒಳಗೆ ಹೋಗುತ್ತಾನೆ. ಈ ಮಾತನ್ನು ಆಮೇಲಪ್ಪ ತಾನೇ, ಮನೆಯ ಬಟ್ಟೆ ಬೀರುವಿನೊಳಗೆ ಕೂತು, ಗಂಟಲು ಒರಟು ಮಾಡಿಕೊಂಡು ರೆಕಾರ್ಡ್ ಮಾಡಿದ್ದ.

ಅಜ್ಜ ಬೀಗದಕೈ ತಂದು ಕೊಡುವುದು, ವೀರ ಅದರಿಂದ ಬುರುಜಿನ ದಾರಿಯ ಗೇಟು ತೆಗೆಯುವುದು ಮುಂದಿನ ಕೆಲಸ. ಅದನ್ನು ಆಮೇಲಪ್ಪ ಆಮೇಲೆ ಮಾಡುವುದೆಂದು ಇಟ್ಟುಕೊಂಡ. ಕಾದು ಕಾದು ಸಾಕಾದ ಮೌನಿ ಸದ್ಯಕ್ಕೆ ಗೇಟನ್ನು ತೆರೆದೇ ಬಿಟ್ಟ. ಕಾಲೇಜಿನಲ್ಲಿ ಆಟ ಆಡಿ ನೋಡಿದ ಹುಡುಗ ಹುಡುಗಿಯರೆಲ್ಲ ಅಜ್ಜನ ಮಾತು ಮುಗಿಯುವ ಮೊದಲೇ ತೆರೆದ ಗೇಟಿನಿಂದ ಓಡಿಹೋಗಿ ರಾಕ್ಷಸರ ಮೇಲೆ ಬೀಳುತ್ತಿದ್ದರು. ಕೂತಿರಿ ಎಂದವನ ಮುಂದೆ ಕೂರಬಹುದು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಹೀಗಾಗಿ ಅಜ್ಜ ವಾಪಸು ಬರುವುದಿಲ್ಲ ಎಂಬ ಸಂಗತಿ ತಂಡಕ್ಕೆ ಮರೆತೇಹೋಯಿತು.

ಆಮೇಲಪ್ಪ ಇದ್ದದ್ದು ದೊಡ್ಡಮ್ಮನ ಮನೆಯಲ್ಲಿ. ಹೋದ ವರ್ಷ ಅವನು ಫೇಲಾದಾಗ ದೊಡ್ಡಮ್ಮ ಒಂದು ಮಾತೂ ಬೈದಿರಲಿಲ್ಲ, ಅದೇ ಅವನಿಗೆ ಕಷ್ಟವಾಗಿತ್ತು. ಆದ್ದರಿಂದ ಈ ಸಲ, ಆಟದಲ್ಲಿ ನಿಂದು ಎಷ್ಟು ಪಾಲು ಎಂದು ಅವರು ಕೇಳಿದಾಗ, ಪೂರ್ತಿ ನಂದೇ ಅಂತ ಇಟ್ಕೊಳ್ಳಿ ಎಂದುಬಿಟ್ಟ. ದೊಡ್ಡಮ್ಮ ಹಾಗೆಯೇ ಇಟ್ಟುಕೊಂಡರು. ಇಟ್ಟುಕೊಂಡದ್ದನ್ನು ಕಟ್ಟಡದ ಮೂರು ಮಹಡಿಗೂ ಹಂಚಿದರು.

ಪರೀಕ್ಷೆಗೆ ಎರಡು ವಾರ ಇದ್ದಾಗ ಮೇಷ್ಟ್ರು ಒಂದು ನಿಯಮ ಹೇಳಿದರು. ಪ್ರತಿ ತಂಡವೂ ಆಟದ ಗಂಧಗಾಳಿ ಇಲ್ಲದ ಐದು ಜನರಿಂದ ತಮ್ಮ ಆಟ ಆಡಿಸಿ ವರದಿ ತರಬೇಕು. ಆಡುವವರು ಎಲ್ಲಿ ತಡವರಿಸಿದರು, ಎಷ್ಟು ಹೊತ್ತು ಆಡಿದರು ಎಲ್ಲ ಬರೆಯಬೇಕು. ಆದರೆ ಆಡಿಸುವವನು ಹಿಂದೆ ಕೂತು ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಒಂದು ಸುಳಿವು ಕೊಟ್ಟರೂ ಆ ವರದಿ ಕಸದ ಬುಟ್ಟಿಗೆ. ಗಡುವಮ್ಮ ವರದಿಯ ಹಾಳೆಗಳನ್ನು ಆಮೇಲಪ್ಪನ ಕೈಗಿಟ್ಟು, ಸೋಮವಾರ ಇವು ತುಂಬಿಕೊಂಡು ಬರದಿದ್ದರೆ ಆಟದ ಹೆಸರುಪಟ್ಟಿಯಿಂದ ಅವನನ್ನು ತೆಗೆಯುವುದಾಗಿ ಹೇಳಿದಳು. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಅಂಕವಿಲ್ಲ. ಅಂಕವಿಲ್ಲದವನು ಮನೆಗೆ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ದೊಡ್ಡಮ್ಮನನ್ನು ಕೂರಿಸಿ, ಆಮೇಲಪ್ಪ ಹಿಂದೆ ಸ್ಟೂಲಿನ ಮೇಲೆ ಕೂತ. ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ಮೌಸ್ ಹಿಡಿದರು. ವೀರ ಅಂಗಳಕ್ಕೆ ಕಾಲಿಟ್ಟ. ಅಜ್ಜ ಎದ್ದು ಬನ್ನಿ ಬನ್ನಿ ಎಂದ, ಕೂತಿರಿ ಎಂದ, ಒಳಗೆ ಹೋದ. ದೊಡ್ಡಮ್ಮ ಅತ್ತಿತ್ತ ನೋಡಿದರು. ತೆರೆದ ಗೇಟು ಕಾಣಿಸಿತು. ಆಮೇಲಪ್ಪ ಪೆನ್ನು ಸಿದ್ಧ ಮಾಡಿಕೊಂಡ. ದೊಡ್ಡಮ್ಮ ವೀರನನ್ನು ನಡೆಸಿಕೊಂಡು ಹೋಗಿ, ಗೇಟನ್ನು ನೀಟಾಗಿ ಮುಚ್ಚಿ, ಯಾರ ಮನೆಯ ಗೇಟೋ ಏನೋ, ನಾಯಿಗೀಯಿ ನುಗ್ಗೀತು ಎಂದುಕೊಂಡು ವಾಪಸು ಬಂದರು. ಬೆನ್ನಿಗಿದ್ದ ಕತ್ತಿಯನ್ನು ಹೇಗೋ ಬಿಚ್ಚಿ ಗೋಡೆಗೆ ಒರಗಿಸಿದರು. ಇನ್ನೊಬ್ಬರ ಮನೆಯಲ್ಲಿ ಕತ್ತಿ ಕಟ್ಟಿಕೊಂಡು ಕೂರುವುದು ಅವರಿಗೆ ಸರಿ ಕಾಣಲಿಲ್ಲ. ಆಮೇಲೆ ಬೆಂಚಿನ ಮೇಲೆ ಕೂತರು.

ಐದು ನಿಮಿಷ ಕಳೆಯಿತು. ಹತ್ತಾಯಿತು. ಆಮೇಲಪ್ಪ ಕೆಮ್ಮಿದ. ಕೆಮ್ಮುವುದೂ ಸುಳಿವೇ ಎಂದು ನೆನಪಾಗಿ ಮತ್ತೆ ಕೆಮ್ಮಲಿಲ್ಲ. ದೊಡ್ಡಮ್ಮ ಅಡುಗೆಮನೆಯಿಂದ ಹುರುಳಿಕಾಯಿ ತಂದು, ಬೆಂಚಿನ ಮೇಲೆ ಕೂತ ವೀರನ ಜೊತೆ ತಾವೂ ಕೂತು ನಾರು ತೆಗೆಯತೊಡಗಿದರು. ಮಧ್ಯೆ ಮಧ್ಯೆ ತಲೆ ಎತ್ತಿ ಬಾಗಿಲು ನೋಡುವರು. ಮಾತಾಡಿದರೆ ದನಿ ತಗ್ಗಿಸಿ ಮಾತಾಡುವರು. ಪಾಪ, ಆ ಯಜಮಾನರಿಗೆ ಮಂಡಿನೋವಿರಬೇಕು, ಬೀಗದಕೈ ಅಟ್ಟದ ಮೇಲೆ ಇಟ್ಟಿರಬೇಕು ಎಂದು ತಾವೇ ಸಮಾಧಾನ ಹೇಳಿಕೊಂಡರು. ಹೊಳೆ ಹರಿಯಿತು. ಪರದೆ ಆಡಿತು. ಊಟದ ಹೊತ್ತು ಬಂದು ಹೋಯಿತು. ವರದಿಯ ಹಾಳೆಯಲ್ಲಿ ಆಮೇಲಪ್ಪ ಬರೆದದ್ದು ಒಂದೇ ಸಾಲು, ‘ಕೂತಿದ್ದಾರೆ.’

ಮಧ್ಯಾಹ್ನ ಕೆಳಗಿನ ಮನೆಯ ಟೈಲರು ಹೊಲಿದ ದಿಂಬಿನ ಚೀಲ ಕೊಡಲು ಬಂದವರು, ಯಾರನ್ನು ಕಾಯ್ತಿದ್ದೀರಿ ಎಂದು ಕೇಳಿದರು. ದೊಡ್ಡಮ್ಮ ಹೇಳಿದರು. ಟೈಲರು ಒಂದು ನಿಮಿಷ ನೋಡಿ ಹೋಗೋಣವೆಂದು ಕೂತರು. ಮಹಡಿ ಮೇಲಿನ ನಿವೃತ್ತ ಪೋಸ್ಟ್‌ಮಾಸ್ಟರು ದಿನಪತ್ರಿಕೆ ಕೇಳಿಕೊಂಡು ಬಂದರು. ಈ ಇಬ್ಬರೂ ಎಂಟು ತಿಂಗಳಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಪೋಸ್ಟ್‌ಮಾಸ್ಟರು ಹೊಲಿಯಲು ಕೊಟ್ಟ ಒಂದು ಕೋಟು, ನಾಡಿದ್ದು ನಾಡಿದ್ದು ಎನ್ನುತ್ತಾ ಟೈಲರ ಅಂಗಡಿಯಲ್ಲೇ ಉಳಿದಿತ್ತು. ಈಗ ಬೇರೆ ಕುರ್ಚಿ ಇಲ್ಲದೆ ಒಂದೇ ಸೋಫಾದಲ್ಲಿ ಕೂರಬೇಕಾಯಿತು.

ಪೋಸ್ಟ್‌ಮಾಸ್ಟರಿಗೆ ಅಜ್ಜನ ನಡವಳಿಕೆ ಹಿಡಿಸಲಿಲ್ಲ. ತಮ್ಮ ಕೌಂಟರಿನಲ್ಲಿ ಮೂವತ್ತೈದು ವರ್ಷದಲ್ಲಿ ಒಬ್ಬನೂ ಇಷ್ಟು ಹೊತ್ತು ನಿಂತದ್ದಿಲ್ಲ ಎಂದರು. ಕೆಲಸ ಅಂದ ಮೇಲೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಒಳಗೆ ಏನು ತಾಪತ್ರಯವೋ ಕಂಡವರು ಯಾರು ಎಂದು ಟೈಲರು ಅಜ್ಜನ ಪರ ವಹಿಸಿದರು. ಇಬ್ಬರೂ ಮಾತಾಡಿದ್ದು ಲ್ಯಾಪ್‌ಟಾಪಿನ ಪರದೆಯ ಕಡೆ ಮುಖ ಮಾಡಿ, ಆದರೆ ಮಾತು ತಲುಪಬೇಕಾದಲ್ಲಿಗೆ ತಲುಪುತ್ತಿತ್ತು. ಸಂಜೆಯ ಹೊತ್ತಿಗೆ ಟೈಲರ ಹೆಂಡತಿ ಬಂದರು. ಡ್ಯೂಟಿ ಮುಗಿಸಿ ಬಂದ ಎದುರು ಮನೆಯ ನರ್ಸು ಹೊಳೆಯ ಸದ್ದು ಕೇಳುತ್ತಾ ಕುರ್ಚಿಯಲ್ಲೇ ನಿದ್ದೆಹೋದರು. ಒಬ್ಬೊಬ್ಬರೂ ಒಂದೊಂದು ಸಲ ಮೌಸ್ ಹಿಡಿದು, ವೀರನನ್ನು ಬೆಂಚಿನ ಮೇಲೆ ಸ್ವಲ್ಪ ಸರಿಸಿ ಕೂರಿಸಿ, ಸುಮ್ಮನಾದರು. ಹೀಗೆ ಐದು ಜನವಾಯಿತು.

ಎಲ್ಲರಿಗೂ ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಆಟ ಮಾಡಿದವನು ಬೆನ್ನ ಹಿಂದೆಯೇ ಕೂತಿದ್ದಾನೆ, ಬಾಯಿ ಏಕೆ ಬಿಡುತ್ತಿಲ್ಲ? ಪೋಸ್ಟ್‌ಮಾಸ್ಟರು ತಿರುಗಿ ಕೂತು ವಿಚಾರಣೆ ನಡೆಸಿದರು. ಅಜ್ಜನಿಗೆ ವಯಸ್ಸೆಷ್ಟು, ಮನೆಯಲ್ಲಿ ಬೇರೆ ಯಾರಿದ್ದಾರೆ, ಒಳಗೆ ಮೆಟ್ಟಿಲುಗಳಿವೆಯೇ. ಆಮೇಲಪ್ಪ ಚಾವಣಿ ನೋಡಿದ. ಮೆಟ್ಟಿಲಿನ ಪ್ರಶ್ನೆಗೆ ಹುಡುಗ ಮುಖ ಸಣ್ಣ ಮಾಡಿದ್ದನ್ನು ಎಲ್ಲರೂ ಗಮನಿಸಿದರು. ನರ್ಸು ಎಚ್ಚರವಾಗಿ, ಈ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆಯೇ ಮೊದಲು ಹೋಗುವುದು ಎಂದು ಹೇಳಿ ಮತ್ತೆ ನಿದ್ದೆಹೋದರು. ಅಲ್ಲಿಗೆ ಒಳಗೆ ಏನೋ ಆಗಿದೆ, ಇವನಿಗೆ ಗೊತ್ತಿದೆ, ಹೇಳಲು ಧೈರ್ಯವಿಲ್ಲ ಎಂಬುದು ಇತ್ಯರ್ಥವಾಯಿತು. ಇಂಥ ಹೊತ್ತಿನಲ್ಲಿ ಎದ್ದು ಹೋಗುವುದು ಮನುಷ್ಯತ್ವವೇ? ಯಾರೂ ಲ್ಯಾಪ್‌ಟಾಪ್ ಮುಚ್ಚಕೂಡದು ಎಂದು ತೀರ್ಮಾನಿಸಿ ಭಾನುವಾರಕ್ಕೆ ಪಾಳಿ ಹಾಕಿಕೊಂಡರು.

ಭಾನುವಾರ ಆ ಮನೆಗೇ ಐದು ಗಂಟೆಯ ಬಿಸಿಲು ಹತ್ತಿಕೊಂಡಂತಿತ್ತು. ಹೊರಗೆ ಬೆಳಗಾದದ್ದು, ಮಧ್ಯಾಹ್ನವಾದದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಒಳಗೆ ಬಂದವರ ನಡಿಗೆ ನಿಧಾನವಾಗುತ್ತಿತ್ತು, ದನಿ ತಗ್ಗುತ್ತಿತ್ತು. ಯಾರೋ ಒಂದು ಮಾತು ಶುರುಮಾಡುವರು, ಮೋಡ ನೋಡುತ್ತಾ ಅರ್ಧಕ್ಕೆ ನಿಲ್ಲಿಸುವರು, ಕಾಲು ಗಂಟೆಯ ಮೇಲೆ ಇನ್ನೊಬ್ಬರು ಅದನ್ನು ಮುಗಿಸುವರು. ಪೋಸ್ಟ್‌ಮಾಸ್ಟರು ತಾವು ಚಿಕ್ಕವರಿದ್ದಾಗ ಹೀಗೆಯೇ ಒಂದು ಹೊಳೆಯ ಸದ್ದು ಕೇಳಿ ಮಲಗುತ್ತಿದ್ದುದಾಗಿ ಹೇಳಿದರು. ಅದನ್ನು ಅವರು ಹೇಳಿದ್ದು ಟೈಲರಿಗೆ, ನೇರವಾಗಿ ಮುಖ ನೋಡಿ. ಟೈಲರು ಸ್ವಲ್ಪ ಹೊತ್ತು ಬೆಂಚು ನೋಡಿದರು, ಬಾಗಿಲು ನೋಡಿದರು, ಪೋಸ್ಟ್‌ಮಾಸ್ಟರ ಸವೆದ ಮೊಣಕೈ ನೋಡಿದರು. ಆಮೇಲೆ ಎದ್ದು ಕೆಳಗೆ ಹೋದರು. ಎಲ್ಲರೂ ಅವರ ಅಂಗಡಿಯ ಮಿಷನ್ನಿನ ಸದ್ದನ್ನು ಕೇಳಿದರು.

ಸೋಮವಾರ ಆಮೇಲಪ್ಪ ವರದಿ ಕೊಟ್ಟ. ಗಡುವಮ್ಮ ಓದಿದಳು. ಐದೂ ಹಾಳೆಯಲ್ಲಿ, ಆಡಿದ ಹೊತ್ತು ಬಿಟ್ಟರೆ, ಒಂದೇ ಮಾತು, ಕೂತಿದ್ದಾರೆ. ಐದೂ ಜನ ಒಬ್ಬ ರಾಕ್ಷಸನನ್ನೂ ನೋಡಿಲ್ಲ ಎಂದು ತಿಳಿದು ಚಿತ್ರದವನು ತಲೆ ಮೇಲೆ ಕೈ ಹೊತ್ತು ಕೂತ. ಗಡುವಮ್ಮ ಅಜ್ಜನನ್ನೂ ಬೆಂಚನ್ನೂ ಇವತ್ತೇ ಕಿತ್ತು ಹಾಕಿ ಎಂದು ಹೇಳುತ್ತಿರುವಾಗ ಮೇಷ್ಟ್ರು ಒಳಗೆ ಬಂದು ಹಾಳೆಗಳನ್ನು ತೆಗೆದುಕೊಂಡರು.

ಮೇಷ್ಟ್ರ ಕಣ್ಣು ಬಿದ್ದದ್ದು ಹೊತ್ತಿನ ಮೇಲೆ. ಉಳಿದ ತಂಡಗಳ ಆಟವನ್ನು ಜನ ನಾಲ್ಕು ನಿಮಿಷ ಆಡಿ ಬಿಟ್ಟಿದ್ದರು. ಇದನ್ನು ಒಬ್ಬರು ಆರು ಗಂಟೆ, ಒಬ್ಬರು ಒಂಬತ್ತು ಗಂಟೆ, ಒಬ್ಬರು ನಿದ್ದೆಗೆಟ್ಟು ಆಡಿದ್ದಾರೆ. ರಾತ್ರಿಯಿಡೀ ಕುರ್ಚಿಯಲ್ಲಿ ಮಲಗಿದ್ದ ನರ್ಸಿನ ಹಾಳೆಯನ್ನು ಅವರು ಹಾಗೆ ಓದಿಕೊಂಡರು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹದಿನೆಂಟು ವರ್ಷದಿಂದ ಹೊಡಿ ಬಡಿ ಆಟಗಳನ್ನು ನೋಡಿ ನೋಡಿ ತಮ್ಮ ಜೀವನ ಒಣಗಿತ್ತೆಂದೂ, ಇದು ಕಾಯುವಿಕೆಯ ಕುರಿತ ಆಟವೆಂದೂ, ಬಾರದವನಿಗಾಗಿ ಕಾಯುವುದೇ ಮನುಷ್ಯನ ಬದುಕೆಂದೂ ಹೇಳಿದರು. ಶುಕ್ರವಾರ ಹೊರಗಿನಿಂದ ಬರುವ ಪರೀಕ್ಷಕರಿಗೆ ಇದನ್ನೇ ತೋರಿಸಬೇಕು. ಆ ಐದು ಜನರೂ ಬರಬೇಕು, ಅದೇ ಲ್ಯಾಪ್‌ಟಾಪ್ ಬರಬೇಕು, ಅಜ್ಜ ಮಾತ್ರ ಬರಕೂಡದು. ಆ ಐವರಿಗೆ ಯಾರೂ ಏನೂ ಹೇಳಕೂಡದು.

ಮೇಷ್ಟ್ರು ಹೋದ ಮೇಲೆ ಗಡುವಮ್ಮ ಆಮೇಲಪ್ಪನ ಕಡೆ ತಿರುಗಿದಳು. ಅವಳು ಜಾಣೆ, ಗಾಳಿ ಬದಲಾದದ್ದು ತಕ್ಷಣ ತಿಳಿಯಿತು. “ನೋಡು, ಅಜ್ಜ ಬರದಿದ್ರೆ ಅದು ಕಲೆ. ಬಂದ್ರೆ ಅದು ನೀನು ಮರೆತ ಕೆಲಸ. ಮುಟ್ಟಿದ್ರೆ ನಿನ್ನ ಹೆಸರು ಇರಲ್ಲ” ಎಂದಳು. ಆಮೇಲಪ್ಪನ ಜೀವಮಾನದಲ್ಲಿ ಮೊದಲ ಸಲ ಜಗತ್ತು ಅವನಿಗೆ, ಮಾಡಬೇಕಾದ ಕೆಲಸವನ್ನು ಮಾಡಬೇಡ ಎಂದು ಅಪ್ಪಣೆ ಕೊಟ್ಟಿತ್ತು. ಅವನು ಖುಷಿಯಾಗಿ ಮನೆಗೆ ಹೋಗಬೇಕಾಗಿತ್ತು.

ಮನೆಯಲ್ಲಿ ದೊಡ್ಡಮ್ಮ ಒಬ್ಬರೇ ಕೂತಿದ್ದರು. ಅವರು ಅವನನ್ನು ಗದರಿಸಲಿಲ್ಲ. ಪರದೆ ನೋಡುತ್ತಲೇ ಮೆಲ್ಲಗೆ ಕೇಳಿದರು. “ಬೇರೆ ಏನೂ ಹೇಳ್ಬೇಡ ಕಣೋ. ಅವರು ಬರ್ತಾರೋ ಇಲ್ವೋ, ಅಷ್ಟು ಹೇಳು ಸಾಕು. ಇಲ್ಲಾಂದ್ರೂ ಪರವಾಗಿಲ್ಲ.”

ಆಮೇಲಪ್ಪ ನೇರ ಕೋಣೆಗೆ ಹೋದ. ಅವನಿಗೆ ನಾಚಿಕೆಯಾಗಿತ್ತು. ಹೋದ ವರ್ಷ ಫಲಿತಾಂಶದ ದಿನವೂ ಅವರು ಹೀಗೆಯೇ, ಇಲ್ಲಾಂದ್ರೂ ಪರವಾಗಿಲ್ಲ ಎಂದಿದ್ದರು. ಅವರು ಕಾಯುತ್ತಿದ್ದದ್ದು ಒಬ್ಬ ಅಜ್ಜನನ್ನಲ್ಲ, ತನ್ನನ್ನು ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ ಮೇಲೆ ಮನಸ್ಸು ಎಲ್ಲಿಗೂ ತೇಲಿಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ಅವನು ಮೌನಿಯನ್ನು ಮನೆಗೆ ಕರೆತಂದ. ದೊಡ್ಡಮ್ಮ ಅಡುಗೆಮನೆಯಲ್ಲಿದ್ದರು, ಪಾಳಿಯಲ್ಲಿದ್ದ ಪೋಸ್ಟ್‌ಮಾಸ್ಟರು ಹೊಳೆಯ ಸದ್ದಿಗೆ ತೂಕಡಿಸುತ್ತಿದ್ದರು. ಮೌನಿ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಕಪ್ಪು ಕಿಟಕಿ ತೆರೆದು, ಅಜ್ಜ ಎಲ್ಲಿದ್ದಾನೆ ಎಂದು ಆಟವನ್ನೇ ಕೇಳಿದ. ಉತ್ತರವಾಗಿ ಬಂದ ದೂರದ ಸಂಖ್ಯೆ ಒಂದು ಸಾಲಿನಲ್ಲಿ ಹಿಡಿಸದಷ್ಟು ಉದ್ದವಿತ್ತು. ಮೌನಿ ಅದನ್ನು ಎರಡು ಸಲ ಓದಿದ.

ಬಾಗಿಲ ಹಿಂದೆ ಮನೆ ಇರಲಿಲ್ಲ. ಯಾರೂ ಬರೆದಿರಲಿಲ್ಲ. ಕೋಣೆಯಿಲ್ಲ, ಅಟ್ಟವಿಲ್ಲ, ಮೆಟ್ಟಿಲಿಲ್ಲ, ಬರೀ ಬೂದು ಬಣ್ಣದ ಬಯಲು. ಒಳಗೆ ಹೋಗು ಎಂದು ಆಮೇಲಪ್ಪ ಅಜ್ಜನಿಗೆ ಹೇಳಿದ್ದ, ನಿಲ್ಲು ಎಂದು ಹೇಳುವುದನ್ನು ಆಮೇಲಕ್ಕೆ ಇಟ್ಟಿದ್ದ. ಅಜ್ಜ ಶನಿವಾರ ಹನ್ನೊಂದರಿಂದ ನಡೆಯುತ್ತಲೇ ಇದ್ದ. ಮೂರು ಹಗಲು ಮೂರು ರಾತ್ರಿ, ಬೆನ್ನು ಬಾಗಿಸಿ, ನೆಲವಿಲ್ಲದ ಕಡೆ ಕಾಲಿಡುತ್ತಾ, ಇಲ್ಲದ ಬೀಗದಕೈ ಹುಡುಕಿಕೊಂಡು ನೇರವಾಗಿ ಹೋಗಿಬಿಟ್ಟಿದ್ದ.

“ಈಗಲೇ ವಾಪಸು ಕರೆಸು” ಎಂದ ಆಮೇಲಪ್ಪ.

ಮೌನಿ ಅವತ್ತು ಹತ್ತಕ್ಕಿಂತ ಹೆಚ್ಚು ಮಾತಾಡಿದ. ಎರಡು ದಾರಿ ಇವೆ ಎಂದ. ಒಂದೇ ಆಜ್ಞೆಯಲ್ಲಿ ಅಜ್ಜನನ್ನು ಎತ್ತಿ ತಂದು ಬಾಗಿಲ ಬಳಿ ನಿಲ್ಲಿಸಬಹುದು, ಕಣ್ಣು ಮಿಟುಕಿಸುವಷ್ಟರ ಕೆಲಸ. ಇಲ್ಲವೇ ತಿರುಗು ಎಂದು ಹೇಳಬಹುದು, ಆಗ ನಡೆದಷ್ಟು ದೂರವನ್ನೂ ವಾಪಸು ನಡೆದುಕೊಂಡು ಬರಬೇಕು. ಶುಕ್ರವಾರ ಹನ್ನೊಂದು ಗಂಟೆಗೆ ಬಂದಾನು. ಆ ದಿನ ಆ ಹೊತ್ತಿಗೆ ತಮ್ಮ ತಂಡ ಪರೀಕ್ಷಕರ ಮುಂದೆ ಕೂತಿರುತ್ತದೆ ಎಂಬುದನ್ನೂ ಸೇರಿಸಿದ. ಆಮೇಲಪ್ಪ ಸೋಫಾದ ಮೇಲೆ ಬಾಯಿ ತೆರೆದು ಮಲಗಿದ್ದ ಪೋಸ್ಟ್‌ಮಾಸ್ಟರನ್ನು ನೋಡಿದ. ತಿರುಗು ಎಂದು ಬರಿ ಎಂದ. ಆಗ ಗಂಟೆ ಹನ್ನೊಂದು ದಾಟಿ ಎರಡು ನಿಮಿಷ.

ಉಳಿದ ಮೂರು ದಿನ ಅವನು ಬೀಗದಕೈ ಬರೆದ, ಅದನ್ನು ಚಾಚುವ ಕೈ ಬರೆದ. ಅಜ್ಜ ಬಂದು ಏನು ಹೇಳಬೇಕು ಎಂಬುದೇ ಕಷ್ಟವಾಯಿತು. ಬೀರುವಿನೊಳಗೆ ಬಟ್ಟೆಗಳ ಮಧ್ಯೆ ಕೂತು ಇಪ್ಪತ್ತು ಮಾತು ಆಡಿ ನೋಡಿದ. ವೀರನಿಗೆ ಹೇಳುವಂಥ ಗಂಭೀರ ಮಾತುಗಳೆಲ್ಲ ಆರು ದಿನ ಕಾಯಿಸಿದವನ ಬಾಯಲ್ಲಿ ಹೊಂದಲಿಲ್ಲ. ಕೊನೆಗೆ ಒಂದನ್ನು ಇಟ್ಟುಕೊಂಡ. ಮೌನಿ ಗುರುವಾರ ಬಂದು ಅದನ್ನೆಲ್ಲ ಓಡುತ್ತಿದ್ದ ಆಟಕ್ಕೇ ಸೇರಿಸಿ, ಅಜ್ಜ ಎಲ್ಲಿದ್ದಾನೆಂದು ಕೇಳಿದ. ಬರುತ್ತಿದ್ದ.

ಶುಕ್ರವಾರ ಲ್ಯಾಪ್‌ಟಾಪನ್ನು ಮುಚ್ಚುವಂತಿರಲಿಲ್ಲ, ಮುಚ್ಚಿದರೆ ಆಟ ನಿಂತುಹೋಗುತ್ತದೆ. ಆಮೇಲಪ್ಪ ಅದನ್ನು ತೆರೆದಂತೆಯೇ ಎರಡು ಕೈಯಲ್ಲಿ ಎತ್ತಿಕೊಂಡು ಬಸ್ ಹತ್ತಿದ. ಹಿಂದೆ ದೊಡ್ಡಮ್ಮ, ಟೈಲರು, ಅವರ ಹೆಂಡತಿ, ನರ್ಸು, ಮತ್ತು ಹೊಸ ಕೋಟಿನಲ್ಲಿ ಪೋಸ್ಟ್‌ಮಾಸ್ಟರು. ಕೋಟು ಚೆನ್ನಾಗಿಯೇ ಇತ್ತು. ಬಸ್ಸಿನಲ್ಲಿ ಪಕ್ಕದವರು ಬಗ್ಗಿ ನೋಡಿದರು. ಯಾರಾದರೂ ಒಳಗಿದ್ದಾರಾ ಎಂದು ಕಂಡಕ್ಟರು ಕೇಳಿದರು. ಇದ್ದಾರೆ, ಬರ್ತಾರೆ ಎಂದು ದೊಡ್ಡಮ್ಮ ಹೇಳಿದರು. ಬ್ರೇಕು ಹಾಕಿದಾಗಲೆಲ್ಲ ಐದೂ ಜನ ಕೈ ಚಾಚಿ ಲ್ಯಾಪ್‌ಟಾಪ್ ಹಿಡಿದುಕೊಂಡರು.

ಪರೀಕ್ಷಕರು ಬೆಳಗಿನಿಂದ ಮೂರು ಆಟಗಳಲ್ಲಿ ನಲವತ್ತು ಸಲ ಸತ್ತು ಸುಸ್ತಾಗಿದ್ದ ತೆಳ್ಳನೆಯ ಮನುಷ್ಯ. ಹನ್ನೊಂದಕ್ಕೆ ಇವರನ್ನು ಕರೆದರು. ಅಂಗಳವನ್ನು ದೊಡ್ಡ ಪರದೆಗೆ ಹಾಕಿದಾಗ ಕೋಣೆಯೆಲ್ಲ ಸಂಜೆ ಐದು ಗಂಟೆಯಾಯಿತು. ಮುಂದಿನ ಸಾಲಿನಲ್ಲಿ ಐದು ಜನ ಮಂಡಿಯ ಮೇಲೆ ಕೈಯಿಟ್ಟು ಕೂತರು. ಮೇಷ್ಟ್ರು ಎದ್ದು, ಈ ವೀರ ಕತ್ತಿ ಕೆಳಗಿಟ್ಟಿರುವುದನ್ನು ಗಮನಿಸಿ ಎಂದರು. ಇವರು ಆರು ದಿನದಿಂದ ಕೂತಿದ್ದಾರೆ ಎಂದರು. ಪರೀಕ್ಷಕರ ಪೆನ್ನು ನಿಂತಿತು. ಗಡುವಮ್ಮನ ಮುಖ ಅರಳಿತು. ಆಮೇಲಪ್ಪ ಗಡಿಯಾರ ನೋಡಿದ. ಹನ್ನೊಂದು ಗಂಟೆ ನಾಲ್ಕು ನಿಮಿಷ.

“ಆತ ಬರೋದಿಲ್ಲ. ಬರಲಾರ. ಬರದೇ ಇರೋದೇ ಈ ಆಟ” ಎಂದು ಮೇಷ್ಟ್ರು ಹೇಳಿದರು.

ಬಾಗಿಲು ತೆರೆಯಿತು. ಅಜ್ಜ ಹೊರಗೆ ಬಂದ.

ಮೊದಲು ಎದ್ದು ನಿಂತದ್ದು ಪೋಸ್ಟ್‌ಮಾಸ್ಟರು. ಆಮೇಲೆ ಉಳಿದವರೂ ಎದ್ದರು. ಪರೀಕ್ಷಕರೂ ಎದ್ದಿದ್ದರು, ಏಕೆಂದು ಅವರಿಗೂ ತಿಳಿದಂತಿರಲಿಲ್ಲ. ಸೊಂಟ ಸರಿಯಾಗಿದೆ ಎಂದು ನರ್ಸು ಪಿಸುಗುಟ್ಟಿದರು. ಅಜ್ಜ ನಿಧಾನವಾಗಿ ಅಂಗಳ ದಾಟಿ ಬೆಂಚಿನವರೆಗೆ ಬಂದು ಬೀಗದಕೈ ಚಾಚಿದ. “ತುಂಬಾ ಹೊತ್ತಾಯ್ತು ನಿಮಗೆ. ತಪ್ಪು ತಿಳ್ಕೋಬೇಡಿ” ಎಂದ.

ದೊಡ್ಡಮ್ಮ ಮುಂದೆ ಬಂದು ಮೌಸ್ ಹಿಡಿದರು. ಗಡುವಮ್ಮ ತಡೆಯಲಾರದೆ, ಬೀಗದಕೈ ತಗೊಳ್ಳಿ, ಬುರುಜು ಆ ಕಡೆ ಎಂದು ಉಸುರಿದಳು. ದೊಡ್ಡಮ್ಮನಿಗೆ ಅದು ಕೇಳಿಸಲಿಲ್ಲ. ವೀರನನ್ನು ಬೆಂಚಿನಿಂದ ಎಬ್ಬಿಸಿ, ಅಜ್ಜನ ಮುಂದೆ ನಿಲ್ಲಿಸಿ, ಪರದೆಯ ಕಡೆ ಮುಖವೆತ್ತಿ ಹೇಳಿದರು. “ಅಯ್ಯೋ, ಅದಕ್ಕೇನಂತೆ. ನಿಮಗೆ ಹೇಳದೆ ಎದ್ದು ಹೋಗೋದು ಚೆನ್ನಾಗಿರಲ್ಲ ಅಂತ ಕೂತಿದ್ವಿ, ಅಷ್ಟೇ. ನೀವು ಸುಧಾರಿಸ್ಕೊಳ್ಳಿ. ನಾವಿನ್ನು ಹೊರಡ್ತೀವಿ.” ಹೀಗೆಂದು, ವೀರನನ್ನು ಬಂದ ದಾರಿಯಲ್ಲೇ ನಡೆಸಿಕೊಂಡು ಅಂಗಳದಿಂದ ಹೊರಗೆ ಕರೆತಂದರು. ಆಟ ಬಿಟ್ಟು ಹೋಗುವಿರಾ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದರು.

ಹೊಳೆಯ ಸದ್ದು ನಿಂತದ್ದು ಎಲ್ಲರಿಗೂ ಕೇಳಿಸಿತು. ಮೇಷ್ಟ್ರು ಮೆಲ್ಲಗೆ ಕೂತರು. ಪರೀಕ್ಷಕರು ಪಟ್ಟಿ ನೋಡಿ, ಆ ಅಜ್ಜನನ್ನು ಬರೆದವರು ಯಾರು ಎಂದು ಕೇಳಿದರು. ಗಡುವಮ್ಮ ಬೆರಳು ತೋರಿಸಿದಳು.

ಆಮೇಲಪ್ಪ ಎದ್ದು ಇದ್ದದ್ದು ಇದ್ದ ಹಾಗೆ ಹೇಳಿದ. ಇದರಲ್ಲಿ ಕಲೆಯೇನೂ ಇಲ್ಲ, ತಾನು ಆಮೇಲೆ ಬರೆಯುತ್ತೇನೆಂದು ಮರೆತದ್ದು, ಅಜ್ಜ ಮೂರು ದಿನ ಖಾಲಿ ಬಯಲಲ್ಲಿ ನಡೆದದ್ದು, ಮಂಗಳವಾರ ತಿರುಗಿಸಿದ್ದು, ಮತ್ತೆ ಮೂರು ದಿನ ನಡೆದು ಬಂದದ್ದು, ಎಲ್ಲವನ್ನೂ. ಪರೀಕ್ಷಕರ ಹುಬ್ಬು ಗಂಟಿಕ್ಕಿತು. “ಅಷ್ಟು ದೂರ ಯಾಕ್ರೀ ನಡೆಸಿದ್ರಿ? ಒಂದೇ ಸಲ ಬಾಗಿಲ ಹತ್ತಿರ ತಂದು ನಿಲ್ಲಿಸಬಹುದಿತ್ತಲ್ಲ?”

“ನಿಲ್ಲಿಸಬಹುದಿತ್ತು ಸಾರ್” ಎಂದ ಆಮೇಲಪ್ಪ. “ಆದ್ರೆ ಇವರು ಪೂರ್ತಿ ಕಾದಿದ್ರಲ್ಲ.”

ಪರೀಕ್ಷಕರು ತಲೆ ಬಗ್ಗಿಸಿ ಬಹಳ ಹೊತ್ತು ಬರೆದರು. ಆಟ ಕೊನೆಯವರೆಗೂ ಶುರುವಾಗಲಿಲ್ಲವೆಂದು ಹನ್ನೆರಡು ಅಂಕ ಕಳೆದಿದ್ದರು. ತಂಡ ಪಾಸಾಗಿತ್ತು, ದಡ ಮುಟ್ಟುವಷ್ಟು. ಪಟ್ಟಿಯಲ್ಲಿ ನಾಲ್ಕು ಹೆಸರೂ ಇದ್ದವು. ನಾಲ್ಕನೆಯದರ ಮುಂದೆ ವಾತಾವರಣ ಎಂದಿದ್ದದ್ದನ್ನು ಗಡುವಮ್ಮ ಹೊಡೆದು, ವಾತಾವರಣ ಮತ್ತು ಅಜ್ಜ ಎಂದು ತನ್ನ ಕೈಯಲ್ಲೇ ಬರೆದಳು. ಆಮೇಲಪ್ಪ ಅದನ್ನು ಎರಡು ಸಲ ಓದಿ, ಹೊರಗೆ ಬಂದು ದೊಡ್ಡಮ್ಮನ ಮುಂದೆ ನಿಂತ. ಅವರು ಅವನ ಮುಖ ನೋಡಿಯೇ ತಿಳಿದುಕೊಂಡು, ಅವನ ಶರ್ಟಿನ ಕಾಲರು ಸರಿಮಾಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಜಾಗವಿತ್ತು. ಲ್ಯಾಪ್‌ಟಾಪ್ ಮುಚ್ಚಿ ಚೀಲದಲ್ಲಿತ್ತು. ಆರು ದಿನದ ಮೇಲೆ ಎಲ್ಲರಿಗೂ ಕೈ ಖಾಲಿಯೆನಿಸುತ್ತಿತ್ತು. ಟೈಲರೂ ಪೋಸ್ಟ್‌ಮಾಸ್ಟರೂ ಒಬ್ಬರ ಭುಜಕ್ಕೊಬ್ಬರು ಒರಗಿ ನಿದ್ದೆಹೋಗಿದ್ದರು. ದೊಡ್ಡಮ್ಮ ಕಿಟಕಿಯಾಚೆ ಮೋಡ ನೋಡುತ್ತಿದ್ದವರು, ಆ ಹುಡುಗಿ ಬುರುಜು ಬುರುಜು ಅಂತಿದ್ದಳಲ್ಲ, ಅಲ್ಲಿ ಏನಿತ್ತು ಎಂದು ಕೇಳಿದರು.

“ಏನಿಲ್ಲ ದೊಡ್ಡಮ್ಮ. ಏಳು ಜನ ರಾಕ್ಷಸರು. ಯಾರಾದ್ರೂ ಬಂದು ಹೊಡೀಲಿ ಅಂತ ನಿಂತಿರ್ತಾರೆ.”

ದೊಡ್ಡಮ್ಮ ಗಾಬರಿಯಾಗಿ ಅವನ ಕಡೆ ತಿರುಗಿದರು. “ಶನಿವಾರದಿಂದಾನಾ?” ಎಂದು ಕೇಳಿ, ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ಪಾಪ ಕಣೋ. ನಾಳೆ ಹೋಗಿ ಮಾತಾಡಿಸ್ಕೊಂಡು ಬರೋಣ.”